ಚೆಕ್ಕಿನ ಬೆನ್ನಿಗೆ ಹೆಲ್ಮಿಯ ಸಹಿ

ಈಗ ನಾನು ಯಾರಿಂದಲಾದರೂ ಒಂದು ಕತೆ ಬರೆಸಬೇಕಾದರೆ ಮೊದಲು ಫೋನು ಮಾಡುತ್ತೇನೆ. ಒಂದು ಪುಟದ ಕರಾರನ್ನು ಅವರಿಗೆ ಮೊದಲೇ ಕಳಿಸಿರುತ್ತೇನೆ, ಆದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಕತೆ ಬರೆದವರದು, ಅದರಲ್ಲಿ ನಾನು ಕೊಳ್ಳುತ್ತಿರುವ ಹಕ್ಕು ಇಂಥದ್ದು, ಕೊಳ್ಳದೆ ಬಿಡುತ್ತಿರುವುದು ಇಂಥದ್ದು, ಏನನ್ನಾದರೂ ನಿಮಗೇ ಇಟ್ಟುಕೊಳ್ಳಬೇಕು ಅನ್ನಿಸಿದರೆ ಸಹಿ ಹಾಕುವ ಮೊದಲೇ ಹೇಳಿ. ಆ ಕಡೆಯವರು ನಗುತ್ತಾರೆ. ಮೊನ್ನೆ ಒಬ್ಬ, ‘ಸಾರ್, ಇನ್ನೂರು ಪದದ ಕತೆಗೆ ಇಷ್ಟೊಂದು ಮಂತ್ರ ಹೇಳ್ತಿದೀರಲ್ಲ, ಮದುವೆ ಮಾಡಿಸ್ತಿದೀರಾ?’ ಎಂದ. ನಾನೂ ನಕ್ಕೆ. ಈ ಮಂತ್ರ ನನಗೆ ಕಲಿಸಿದವಳು ಹೆಲ್ಮಿ ಕೊಸ್ಕೆಲಾ. ನಾನು ಮಾಡಿದ್ದನ್ನು ಮುಚ್ಚಿಟ್ಟು ಆಕೆಯ ಬದುಕನ್ನು ಹೇಳಲು ಬರುವುದಿಲ್ಲ, ಹೇಳಲು ಕೂತರೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಗ್ರೀನ್ ಬೇಯಲ್ಲಿ ನಮ್ಮದು ಅಪ್ಪನ ಕಾಲದ ಚಿಕ್ಕ ಅಚ್ಚುಕೂಟ. ರಸ್ತೆ ಬದಿಯ ಹೋಟೆಲುಗಳಲ್ಲಿ ತಟ್ಟೆಯ ಕೆಳಗೆ ಹಾಸುತ್ತಾರಲ್ಲ, ಆ ಕಾಗದದ ಹಾಳೆಗಳನ್ನು ಅಚ್ಚು ಹಾಕುತ್ತೇವೆ. ನಾಲ್ಕೂ ಅಂಚಿನಲ್ಲಿ ಟೈರು ಅಂಗಡಿ, ಗಾಳದ ಹುಳು ಮಾರುವವನು, ಹಲ್ಲಿನ ಡಾಕ್ಟರು, ಶವಪೆಟ್ಟಿಗೆಯವನು, ಹೀಗೆ ಊರಿನ ಜಾಹೀರಾತುಗಳು. ನಡುವೆ ಒಂದು ಕತೆ. ಕತೆ ಎಷ್ಟುದ್ದ ಇರಬೇಕೆಂದರೆ, ತರಲು ಹೇಳಿದ ಮೊಟ್ಟೆ ಮೇಜಿಗೆ ಬರುವಷ್ಟರಲ್ಲಿ ಮುಗಿಯಬೇಕು. ಮೊದಲು ಅಪ್ಪನೇ ಬರೆಯುತ್ತಿದ್ದ. ಅವನು ಹೋದ ಮೇಲೆ ನಾನು ಬರೆದು ನೋಡಿದೆ. ನನ್ನ ಹೆಂಡತಿ ಬರ್ನಡೀನ್ ಓದಿ, ‘ಇದನ್ನ ಓದಿದವರು ಮೊಟ್ಟೆ ಬರೋ ಮೊದಲೇ ಎದ್ದು ಹೋಗ್ತಾರೆ ನಾರ್ಬ್’ ಎಂದಳು. ಹಾಗಾಗಿ ಅಂತರ್ಜಾಲದಲ್ಲಿ ಬರಹಗಾರರನ್ನು ಕೂಲಿಗೆ ಗೊತ್ತುಮಾಡಿಕೊಡುವ ಒಂದು ತಾಣದಲ್ಲಿ ಜಾಹೀರಾತು ಹಾಕಿದೆ.

ಅರವತ್ತು ಅರ್ಜಿ ಬಂದವು. ಎಲ್ಲರೂ ತಾವು ಗೆದ್ದ ಬಹುಮಾನಗಳನ್ನು ಬರೆದಿದ್ದರು. ಹೆಲ್ಮಿಯದು ಎರಡೇ ಸಾಲು. ‘ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ್ದೇನೆ. ಜನ ಎಷ್ಟು ಹೊತ್ತು ಕಿವಿಗೊಡುತ್ತಾರೆ, ಯಾವಾಗ ಕಿಟಕಿಯ ಕಡೆ ತಿರುಗುತ್ತಾರೆ ಎಂಬುದು ನನಗೆ ಗೊತ್ತು.’

ಆಕೆಯ ಮನೆ ನಮ್ಮಿಂದ ನಾಲ್ಕು ಗಂಟೆ ಉತ್ತರಕ್ಕೆ, ಮಿಷಿಗನ್ನಿನ ಹ್ಯಾನ್‌ಕಾಕ್ ಆಚೆ, ಹಳೆಯ ತಾಮ್ರದ ಗಣಿಗಳ ನಾಡಿನಲ್ಲಿ. ಅಜ್ಜ ಫಿನ್ಲೆಂಡಿನಿಂದ ಗಣಿಗೆ ಬಂದವನು. ಹೆಲ್ಮಿ ಇಪ್ಪತ್ತಮೂರಕ್ಕೆ ವಿಧವೆಯಾಗಿ, ಇಪ್ಪತ್ತನಾಲ್ಕಕ್ಕೆ ಬಸ್ಸಿನ ಚಕ್ರ ಹಿಡಿದಳು. ಆ ಕಡೆ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲಿನವರೆಗೂ ಕರಗುವುದಿಲ್ಲ. ಒಮ್ಮೆಯೂ ಬಸ್ಸು ಹಳ್ಳಕ್ಕೆ ಇಳಿಸಲಿಲ್ಲವಂತೆ. ಆಕೆಗೆ ಒಂದು ಅಭ್ಯಾಸವಿತ್ತು. ಮಕ್ಕಳೆಲ್ಲ ಇಳಿದ ಮೇಲೆ, ದಿನಕ್ಕೆ ಎರಡು ಸಲ, ಬಸ್ಸಿನ ಕಟ್ಟಕಡೆಯ ಸೀಟಿನವರೆಗೂ ನಡೆದುಹೋಗಿ ನೋಡಿ ಬರುವುದು. ಎಲ್ಲೋ ಒಂದು ಮಗು ನಿದ್ದೆ ಹೋಗಿ ಉಳಿದುಬಿಟ್ಟರೆ, ಆ ಚಳಿಯಲ್ಲಿ ಅದರ ಗತಿ ಏನು? ‘ಮುಂದುಗಡೆ ಎಲ್ಲಾ ಸರೀಗೇ ಕಾಣತ್ತಪ್ಪ. ಏನಾದ್ರೂ ಉಳ್ದಿದ್ರೆ ಹಿಂದುಗಡೇನೇ ಉಳ್ದಿರೋದು’ ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದಳು. ನಾನು ಹೂಂಗುಟ್ಟಿ ಮರೆತೆ.

ಕತೆಗಳೆಲ್ಲ ಸೈಮಾ ಎಂಬ ಮುದುಕಿಯ ಮೇಲೆ. ಸೈಮಾ ಚರ್ಚಿನ ಲಾಟರಿಯಲ್ಲಿ ಗೆದ್ದ ಹಂದಿ ತೊಡೆಯನ್ನು, ಇದಕ್ಕೆ ಉಪ್ಪು ಜಾಸ್ತಿ ಎಂದು ಹಿಂದಿರುಗಿಸಿದ್ದು. ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು ಓಡಿಸುವಾಗ, ಮುಳುಗಿದರೆ ಹಾರಿಕೊಳ್ಳಲು ಬಾಗಿಲು ತೆರೆದೇ ಇಟ್ಟು, ಪಕ್ಕದಲ್ಲಿ ಕೂತ ಪಾದ್ರಿಗೆ ಮಾತ್ರ ‘ನಿಮಗೇನು ಭಯ, ನಿಮ್ಮವರು ಮೇಲಿದಾರಲ್ಲ’ ಎಂದದ್ದು. ಎಲ್ಲಕ್ಕಿಂತ ಹೆಸರಾದದ್ದು ಎರಡನೆಯ ವರ್ಷ ಬಂದ ಮೊಟ್ಟೆಯ ಕತೆ. ಸೈಮಾಗೆ ಗಡಿಯಾರದಲ್ಲಿ ನಂಬಿಕೆಯಿಲ್ಲ. ಮೊಟ್ಟೆಯನ್ನು ನೀರಿಗೆ ಹಾಕಿ ಚರ್ಚಿನ ಹಾಡು ಶುರು ಮಾಡುತ್ತಾಳೆ. ಎರಡು ಚರಣಕ್ಕೆ ಅರೆಬೆಂದದ್ದು, ಐದಕ್ಕೆ ಗಟ್ಟಿ. ಒಂದು ಭಾನುವಾರ ಚರ್ಚಿನಲ್ಲಿ ಅದೇ ಹಾಡನ್ನು ಮೂರನೆಯ ಚರಣಕ್ಕೆ ನಿಲ್ಲಿಸಿದಾಗ ಸೈಮಾ ಎದ್ದು ನಿಂತು, ‘ಇದಿನ್ನೂ ಬೆಂದಿಲ್ಲ’ ಎನ್ನುತ್ತಾಳೆ. ಆ ಹಾಳೆಯನ್ನು ಜನ ಎಣ್ಣೆಯ ಕಲೆ ಸಮೇತ ಮಡಚಿ ಮನೆಗೆ ಒಯ್ದರು. ಹೋಟೆಲಿನವರು ಇನ್ನಷ್ಟು ಕಳಿಸಿ ಎಂದರು.

ಮೊದಲ ನಾಲ್ಕು ಕತೆ ಆದಾಗಲೇ ನನಗೊಂದು ಬುದ್ಧಿ ಹೊಳೆದಿತ್ತು. ಆ ತಾಣದವರು ಪ್ರತಿ ಸಲ ತಮ್ಮ ಪಾಲು ಮುರಿದುಕೊಳ್ಳುತ್ತಿದ್ದರು. ‘ಹೆಲ್ಮಿ, ನಡುವೆ ಇವರ್ಯಾಕೆ? ನೀವು ಕತೇನ ನನಗೆ ನೇರವಾಗಿ ಕಳ್ಸಿ, ನಾನು ಟಪಾಲಲ್ಲಿ ಚೆಕ್ ಕಳಿಸ್ತೀನಿ’ ಎಂದೆ. ಆಕೆ ಒಪ್ಪಿದಳು. ಆಮೇಲೆ ನಾಲ್ಕು ವರ್ಷ, ತಿಂಗಳಿಗೊಂದು ಕತೆ, ತಿಂಗಳಿಗೊಂದು ಫೋನು. ಕಾಗದ ಪತ್ರ ಏನೂ ಇಲ್ಲ. ದುಡ್ಡು ಕೊಟ್ಟಿದ್ದೇನೆ, ಕತೆ ನನ್ನದು ಅಂದುಕೊಂಡಿದ್ದೆ. ಕೋಳಿ ಕೊಂಡವನದೇ ತಾನೆ ಕೋಳಿ?

ಅಲ್ಲವಂತೆ. ಅದು ತಿಳಿದದ್ದು ಮಿನಿಯಾಪೊಲಿಸ್ಸಿನ ಕಾಫಿ ಕಂಪನಿಯೊಂದು ಬಂದಾಗ. ಅವರ ಯಜಮಾನ ಎಲ್ಲೋ ತಿಂಡಿ ತಿನ್ನುವಾಗ ಸೈಮಾಳನ್ನು ಓದಿ ಮೆಚ್ಚಿಕೊಂಡಿದ್ದ. ಕಾಫಿ ಡಬ್ಬದ ಮೇಲೆ ಸೈಮಾಳ ಚಿತ್ರ ಮತ್ತು ಕತೆ ಹಾಕಬೇಕು, ಹಕ್ಕನ್ನೆಲ್ಲ ಒಟ್ಟಿಗೆ ಮಾರುತ್ತೀಯಾ ಎಂದು ಕೇಳಿದರು. ಅವರು ಹೇಳಿದ ಮೊತ್ತಕ್ಕೆ ಅಚ್ಚುಕೂಟದ ಸೋರುವ ಮಾಡು ಹೊಸದಾಗುತ್ತಿತ್ತು, ಹೊಸ ಯಂತ್ರವೂ ಬರುತ್ತಿತ್ತು. ಆದರೆ ಅವರ ವಕೀಲೆ ಒಂದು ಕಾಗದ ಕೇಳಿದಳು, ಬರೆದವರು ನನಗೆ ಹಕ್ಕು ಬಿಟ್ಟುಕೊಟ್ಟ ಸಹಿ ಮಾಡಿದ ಕಾಗದ.

ಆ ಶುಕ್ರವಾರ ಕರಿದ ಮೀನಿನ ಊಟಕ್ಕೆ ಹೋದಾಗ ಲೈಲ್ ಸಿಕ್ಕ. ಲೈಲ್ ನನ್ನ ಜೊತೆ ಓದಿದವನು, ಉಯಿಲು ಬರೆಸುವ, ಬೇಲಿ ಜಗಳ ತೀರಿಸುವ ವಕೀಲ. ಕೇಳಿದೆ.

‘ಲೋ ನಾರ್ಬ್, ಅವಳೇನು ನಿನ್ನ ಸಂಬಳದಾಳಾ?’

‘ಅಲ್ಲ. ಕತೆಗಿಷ್ಟು ಅಂತ.’

‘ಹಾಗಾದ್ರೆ ಬರೆದೋರದೇ ಅದು. ನೀನು ಕೊಟ್ಟ ದುಡ್ಡಿಗೆ ತಟ್ಟೆ ಕೆಳಗೆ ಹಾಸ್ಕೋಬಹುದು, ಅಷ್ಟೇ. ಆ ತಾಣದಲ್ಲಿ ಇದ್ದಾಗ ಅವರ ನಿಯಮದಲ್ಲೇ ಬರ್ದಿತ್ತು, ದುಡ್ಡು ಸಂದ ಮೇಲೆ ಹಕ್ಕು ಬರೆಸಿದವನದು ಅಂತ. ನೀನು ಜಾಣ, ಪಾಲು ಉಳಿಸಕ್ಕೆ ಅಲ್ಲಿಂದ ಎದ್ದು ಬಂದೆ. ಕರಾರನ್ನ ಅಲ್ಲೇ ಬಿಟ್ಟು ಬಂದೆ. ಮೊದಲ ನಾಲ್ಕು ನಿಂದು, ಮಿಕ್ಕ ನಲವತ್ತು ಚಿಲ್ಲರೆ ಆ ಯಮ್ಮಂದು.’

‘ಈಗೇನು ಮಾಡ್ಲಿ?’

‘ಮಾಡೋದೇನು, ಕೇಳು. ಫೋನು ಮಾಡಿ ಹಿಂಗಿಂಗೆ ಅಂತ ಹೇಳು. ಒಂದು ಕಾಗದ, ಒಂದು ಸಹಿ. ಅವಳಿಗೂ ಒಂದಿಷ್ಟು ಕೊಡು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಹುಡುಕಬೇಡ.’

ಕೇಳಬೇಕಿತ್ತು. ಮಂಗಳವಾರ ಬೆಳಿಗ್ಗೆ ಹೆಲ್ಮಿಯೇ ಫೋನು ಮಾಡಿದಳು, ಅರ್ಧ ಗಂಟೆ ಮಾತಾಡಿದೆವು, ಮಾತು ನಾಲಗೆಯ ತುದಿಗೆ ಬಂದು ಹಿಂದೆ ಹೋಯಿತು. ಕೇಳಿದರೆ, ಕಂಪನಿ ನಿನಗೆಷ್ಟು ಕೊಡುತ್ತಿದೆ ಎಂದು ಕೇಳುತ್ತಾಳೆ. ಇಲ್ಲ, ಕೊಡಲ್ಲ ಅಂದುಬಿಟ್ಟರೆ? ಆಗ ಮಾಡೂ ಇಲ್ಲ, ಯಂತ್ರವೂ ಇಲ್ಲ. ನಾಲ್ಕು ವರ್ಷದಲ್ಲಿ ಒಂದು ಸಲವೂ ಹೆಚ್ಚು ಕೇಳದವಳ ಬಗ್ಗೆ ನಾನು ಹೀಗೆ ಯೋಚಿಸಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವುದು ಸುಮ್ಮನೆ ಅಲ್ಲ.

ಆಗ ಅಪ್ಪನ ಕಾಲದ ಒಂದು ಉಪಾಯ ನೆನಪಾಯಿತು. ಹಿಂದೆ ಮೀನು ಹಿಡಿಯುವವರ ಪತ್ರಿಕೆಯೊಂದಕ್ಕೆ ನಾವು ಚೆಕ್ಕುಗಳನ್ನು ಅಚ್ಚು ಹಾಕಿಕೊಡುತ್ತಿದ್ದೆವು. ಚೆಕ್ಕನ್ನು ಬ್ಯಾಂಕಿಗೆ ಹಾಕಬೇಕಾದರೆ ಪಡೆದವರು ಅದರ ಹಿಂದೆ ಸಹಿ ಮಾಡಲೇಬೇಕು. ಸಹಿ ಮಾಡುವ ಜಾಗದ ಮೇಲೆ ಆ ಪತ್ರಿಕೆಯವರು ಸಣ್ಣಕ್ಷರದಲ್ಲಿ ಒಂದು ಸಾಲು ಹಾಕಿಸುತ್ತಿದ್ದರು, ಈ ಸಹಿಯಿಂದ ಲೇಖನದ ಹಕ್ಕೆಲ್ಲ ನಮ್ಮದು ಎಂದು. ದುಡ್ಡು ಬೇಕಿದ್ದವರು ಸಹಿ ಹಾಕುತ್ತಿದ್ದರು, ಹಕ್ಕು ಹೋಗುತ್ತಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು.

ನಾನೂ ಹಾಗೇ ಮಾಡಿದೆ. ಐದು ಪಾಯಿಂಟಿನ ಅಕ್ಷರ, ನಮ್ಮಲ್ಲಿದ್ದುದರಲ್ಲೇ ಅತಿ ಸಣ್ಣದು, ತಿಳಿಬೂದು ಶಾಯಿ. ‘ಇಲ್ಲಿ ಸಹಿ ಹಾಕುವವರು ಸೈಮಾ ಎಂಬ ಪಾತ್ರವನ್ನೂ ಆಕೆಯ ಕುರಿತು ಇಂದಿನವರೆಗೆ ಬರೆದ ಎಲ್ಲ ಕತೆಗಳನ್ನೂ ಸಕಲ ಹಕ್ಕುಗಳ ಸಮೇತ ಶಾಶ್ವತವಾಗಿ ಚೆಕ್ಕು ನೀಡಿದವರಿಗೆ ಬಿಟ್ಟುಕೊಟ್ಟಿರುತ್ತಾರೆ.’ ಬರ್ನಡೀನ್ ಕಾಫಿ ತಂದವಳು ಕನ್ನಡಕ ಮೇಲೆತ್ತಿ ನೋಡಿದಳು.

‘ಇರುವೆ ಸಾಲು ಹೋದಂಗಿದೆ. ಇದು ಓದ್ಲಿ ಅಂತ ಹಾಕಿರೋದಾ, ಓದ್ದೇ ಇರ್ಲಿ ಅಂತಾನಾ?’

‘ವ್ಯವಹಾರ ಇದು, ನಿನಗೆ ಗೊತ್ತಾಗಲ್ಲ.’

‘ಗೊತ್ತಾಯ್ತು ಬಿಡು’ ಎಂದು ಲೋಟ ಇಟ್ಟು ಹೋದಳು.

ಕ್ರಿಸ್‌ಮಸ್ ಹತ್ತಿರವಿತ್ತು. ಹಿಮದಲ್ಲಿ ನಿಂತ ಜಿಂಕೆಯ ಚಿತ್ರವಿರುವ ಒಂದು ಕಾರ್ಡು ತಂದು, ‘ನಿಮ್ಮ ಕತೆಗಳಿಗೆ ಕೃತಜ್ಞತೆಯಿಂದ, ಹಬ್ಬದ ಉಡುಗೊರೆ’ ಎಂದು ಬರೆದು, ಅದರೊಳಗೆ ಮುನ್ನೂರು ಡಾಲರಿನ ಚೆಕ್ಕು ಇಟ್ಟೆ. ಉಡುಗೊರೆ ಎಂಬ ಮಾತನ್ನು ನಾನೇ, ನನ್ನ ಕೈಯಾರೆ ಬರೆದೆ. ಇದನ್ನು ನೆನೆದಾಗಲೆಲ್ಲ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಹನ್ನೊಂದು ದಿನಕ್ಕೆ ಬ್ಯಾಂಕಿನ ತಾಣದಲ್ಲಿ ಚೆಕ್ಕಿನ ಎರಡೂ ಮಗ್ಗುಲ ಚಿತ್ರ ಬಂತು. ಹಿಂದಿನ ಮಗ್ಗುಲಲ್ಲಿ ನನ್ನ ಇರುವೆ ಸಾಲು, ಅದರ ಕೆಳಗೆ ಹೆಲ್ಮಿಯ ಸಹಿ. ದುಂಡಗೆ, ಶಾಲೆಯ ಮಕ್ಕಳ ಹಾಜರಿ ಪುಸ್ತಕದಲ್ಲಿ ಬರೆದ ಹಾಗೆ, ಪೂರ್ತಿ ಹೆಸರು. ಅದನ್ನು ವಕೀಲೆಗೆ ಕಳಿಸಿದೆ. ಸಾಕು ಎಂದಳು. ಕೃತಜ್ಞತೆಯ ಕಾರ್ಡೂ ಬಂತು: ‘ಉಡುಗೊರೆ ತಲುಪಿತು. ದೇವರು ನಿಮ್ಮ ಮನೆಯನ್ನು ಬೆಚ್ಚಗಿಟ್ಟಿರಲಿ.’ ಬೇರೆ ಒಂದು ಮಾತೂ ಇಲ್ಲ. ಓದಿಲ್ಲ ಎಂದುಕೊಂಡು ಉಸಿರು ಬಿಟ್ಟೆ.

ಬೇಸಿಗೆಯಲ್ಲಿ ಡಬ್ಬಗಳು ಅಂಗಡಿಗೆ ಬಂದವು. ನಮ್ಮ ಮಾಡೂ ಹೊಸದಾಯಿತು. ಅದೇ ವಾರ ಹೆಲ್ಮಿಯ ಫೋನು.

‘ನಾರ್ಬಪ್ಪ, ಡಬ್ಬ ನೋಡಿದ್ವಿ. ಅಂಗಡೀಲಿ ಸಾಲಾಗಿ ಜೋಡ್ಸಿದಾರೆ.’

‘ಹೌದಾ. ಹೇಗಿದೆ?’ ಎಂದೆ.

‘ಕಾಫಿ ಪರವಾಗಿಲ್ಲ. ಆದ್ರೆ ಆ ಚಿತ್ರದಲ್ಲಿರೋ ಹೆಂಗಸು ಯಾರು? ಸೈಮಾ ಕೈಕಾಲು ಗಾಳದ ಕೋಲಿದ್ದಂಗೆ. ಇವಳನ್ನ ನೋಡಿದ್ರೆ ಮನೆಮಂದಿ ಪಾಲಿನ ರೊಟ್ಟೀನೆಲ್ಲ ತಾನೇ ತಿಂದಂಗಿದಾಳೆ.’

ನಕ್ಕೆ. ‘ಚಿತ್ರ ಬರಿಯೋನಿಗೇನು ಗೊತ್ತು ಹೆಲ್ಮಿ. ನಿಮ್ಮ ಸೈಮಾ ಇರೋದು ನಿಮ್ಮ ತಲೇಲಿ ತಾನೆ?’

‘ತಲೇಲಾ? ಇಲ್ಲೇ ಕಿಟಕಿ ಪಕ್ಕ ಕೂತಿದಾಳಲ್ಲಪ್ಪ, ಕಾಲುಚೀಲ ಹೆಣೀತಾ. ನಮ್ಮಕ್ಕ. ಕೊಡ್ಲಾ, ಮಾತಾಡ್ತೀಯಾ?’

ಹಿಂದಿನಿಂದ ಒಂದು ಗೊಗ್ಗರು ದನಿ ಬಂತು: ‘ಅವನಿಗೆ ಹೇಳು, ನಾನು ಹುಟ್ಟಿದಾಗಿಂದ ಅಂಥಾ ಹೂವಿನ ಏಪ್ರನ್ ಕಟ್ಟಿಲ್ಲ ಅಂತ.’

ಬೇರೆ ಯಾರೋ ಫೋನು ಮಾಡುತ್ತಿದ್ದಾರೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಆ ಮುದುಕಿಗೆ ಉಸಿರಿದೆ, ದನಿ ಇದೆ, ಕಾಲುಚೀಲ ಹೆಣೆಯುತ್ತಾಳೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ, ಸೈಮಾ ಯಾರು ಎಂದು ನಾನು ಕೇಳಿರಲಿಲ್ಲ. ಕೇಳದೆಯೇ ಮಾರಿದ್ದೆ. ಅವತ್ತು ಬರ್ನಡೀನ್, ‘ಯಾಕೆ ಮುಖ ಹಿಂಗಿದೆ?’ ಎಂದಾಗ ಹೊಟ್ಟೆನೋವು ಎಂದೆ. ಆಮೇಲೂ ಹೆಲ್ಮಿ ಬೇರೆ ಬೇರೆ ಕತೆ ಬರೆದುಕೊಟ್ಟಳು, ಬಸ್ಸಿನವು, ನಾಯಿಯವು. ಸೈಮಾಳ ಮೇಲೆ ಮತ್ತೆ ಬರೆಯಲಿಲ್ಲ, ಯಾಕೆಂದು ನಾನು ಕೇಳಲೂ ಇಲ್ಲ.

ಮರುವರ್ಷ ಮಾರ್ಚಿನಲ್ಲಿ ಒಂದು ಕಾಗದ ಬಂತು. ಅದೇ ದುಂಡು ಅಕ್ಷರ.

‘ಪ್ರಿಯ ನಾರ್ಬ್, ಸೋಮವಾರ ಬೆಳಿಗ್ಗೆ ಸೈಮಾ ತೀರಿಕೊಂಡಳು. ಎಂಬತ್ತಾರು ವರ್ಷ. ನರಳಲಿಲ್ಲ. ಮುಂದಿನ ಶನಿವಾರ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ. ಬಂದವರಿಗೆ ಕೊಡುವ ಹಾಳೆಯಲ್ಲಿ ಮೊಟ್ಟೆಯ ಕತೆ ಅಚ್ಚು ಹಾಕಿಸಬೇಕೆಂದು ನನ್ನ ಆಸೆ. ಅವಳಿಗೂ ಅದೇ ಇಷ್ಟವಾದದ್ದು. ಆದರೆ ನಿಮ್ಮ ಚೆಕ್ಕಿನ ಹಿಂದೆ ಬರೆದಿರುವ ಪ್ರಕಾರ ಅದು ಈಗ ನನ್ನದಲ್ಲ. ಆದ್ದರಿಂದ ಅನುಮತಿ ಕೇಳುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.’

ಅದರ ಕೆಳಗೆ ನನ್ನ ಐದು ಪಾಯಿಂಟಿನ ಸಾಲನ್ನು ಒಂದು ಅಕ್ಷರವೂ ಬಿಡದೆ ಪ್ರತಿ ಮಾಡಿದ್ದಳು. ದೊಡ್ಡದಾಗಿ ಬರೆದಾಗ ಅದು ಎಷ್ಟು ಉದ್ದವಿತ್ತೆಂದರೆ ಅರ್ಧ ಪುಟ ತುಂಬಿತ್ತು.

ಓದಿದ್ದಳು. ಮೊದಲ ದಿನವೇ ಓದಿದ್ದಳು. ಮೂವತ್ತೊಂದು ವರ್ಷ ಬಸ್ಸಿನ ಹಿಂದಿನ ಸೀಟಿನವರೆಗೂ ನಡೆದು ನೋಡಿದವಳು ಚೆಕ್ಕಿನ ಹಿಂಬದಿ ನೋಡದೆ ಇರುತ್ತಾಳೆಯೆ? ಭೂಮಿ ಬಾಯಿ ಬಿಟ್ಟು ನುಂಗಬಾರದೆ ಎನ್ನಿಸಿತು. ತಕ್ಷಣ ಫೋನು ಮಾಡಿದೆ.

‘ಹೆಲ್ಮಿ, ಅಕ್ಕನ ವಿಷಯ ಓದಿ ಬಹಳ ಬೇಜಾರಾಯ್ತು. ಅನುಮತಿ ಗಿನುಮತಿ ಏನೂ ಬೇಡ. ಸುಮ್ಮನೆ ಅಚ್ಚು ಹಾಕ್ಸಿ.’

‘ನೀನು ಹೇಳಿದ್ರೆ ಆಗತ್ತಾ? ಡಬ್ಬದ ಮೇಲೆ ಹಕ್ಕು ಕಂಪನೀದು ಅಂತಿದೆಯಲ್ಲ.’

ಮೇಜಿನ ಮೇಲಿದ್ದ ಡಬ್ಬ ತಿರುಗಿಸಿ ನೋಡಿದೆ. ಇತ್ತು.

‘ಅವರನ್ನ ಕೇಳು ಮಗ. ಸೈಮಾಳನ್ನ ಕಳಿಸ್ಕೊಡೋವಾಗ ಕದ್ದು ಮುಚ್ಚಿ ಏನೂ ಬೇಡ.’

ಕದ್ದು ಮುಚ್ಚಿ ಎಂದಾಗ ಆಕೆಯ ದನಿಯಲ್ಲಿ ಚುಚ್ಚು ಇರಲಿಲ್ಲ. ನಾನು ಮಾತ್ರ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಕಂಪನಿಗೆ ಫೋನು ಮಾಡಿ, ಮೊಟ್ಟೆಯ ಕತೆ ಒಂದನ್ನು ಹಿಂದೆ ಕೊಟ್ಟುಬಿಡಿ, ದುಡ್ಡು ಎಷ್ಟು ಬೇಕೋ ಹಿಡಿದುಕೊಳ್ಳಿ ಎಂದೆ. ಆಗುವುದಿಲ್ಲ ಎಂದರು, ಬಹಳ ನಯವಾಗಿಯೇ. ಅನುಮತಿಯ ಕಾಗದವನ್ನು ಮಾತ್ರ ಎರಡೇ ದಿನಕ್ಕೆ ಕಳಿಸಿದರು. ಒಂದು ಬಾರಿಗೆ ಮಾತ್ರ, ನೂರೈವತ್ತು ಪ್ರತಿ ಮೀರದಂತೆ, ಹಕ್ಕು ತಮ್ಮದೆಂಬ ಸಾಲನ್ನು ಕೆಳಗೆ ಅಚ್ಚು ಹಾಕತಕ್ಕದ್ದು. ಅದನ್ನು ಹೆಲ್ಮಿಗೆ ನಾನೇ ಓದಿ ಹೇಳಬೇಕಾಯಿತು. ಆಕೆ ಆ ಕಡೆ ಬರೆದುಕೊಂಡಳು. ‘ನೂರೈವತ್ತು. ಆಯ್ತು’ ಎಂದಳು.

ಶನಿವಾರ ಹೋಗದಿರಲು ಹತ್ತು ನೆಪ ಹುಡುಕಿದೆ. ಬರ್ನಡೀನ್ ಕರೀ ಕೋಟು ತಂದು ಮಂಚದ ಮೇಲೆ ಎಸೆದು, ‘ಮಾಡಿದ್ದುಣ್ಣೋ ಮಹರಾಯ. ಏಳು’ ಎಂದಳು. ದಾರಿಯುದ್ದಕ್ಕೂ ಹಿಮ ಬೀಳುತ್ತಿತ್ತು. ನಾನು ತಲುಪುವಷ್ಟರಲ್ಲಿ ಚರ್ಚು ತುಂಬಿತ್ತು. ಬಾಗಿಲಲ್ಲಿ ನಿಂತವನು, ಹಾಳೆ ಮುಗಿದವು, ಪಕ್ಕದವರದು ನೋಡಿಕೊಳ್ಳಿ ಎಂದ. ಹಿಂದಿನ ಬೆಂಚುಗಳಲ್ಲಿ ಒಂದೊಂದು ಹಾಳೆಗೆ ಎರಡೆರಡು ತಲೆ ಬಾಗಿದ್ದವು. ಪಕ್ಕದ ಅಜ್ಜಿಯನ್ನು ಕೇಳಿದರೆ, ‘ಇನ್ನೊಂದಿಷ್ಟು ಪ್ರತಿ ತೆಗೆಯೋಣ ಅಂದ್ವಿ. ಹೆಲ್ಮಿ ಬೇಡ ಅಂದ್ಳು. ನೂರೈವತ್ತಕ್ಕೆ ಮಾತ್ರ ಒಪ್ಪಿಗೆಯಂತೆ. ಯಾರೋ ಯಜಮಾನರಂತೆ’ ಎಂದಳು. ಆ ಹಾಡನ್ನು ಐದು ಚರಣವೂ ಹಾಡಿದರು. ಕೊನೆಯಲ್ಲಿ ಯಾರೋ ಮೆಲ್ಲಗೆ ‘ಈಗ ಬೆಂತು’ ಎಂದರು, ಚರ್ಚಿಗೆ ಚರ್ಚೇ ನಗುತ್ತಾ ಅತ್ತಿತು. ನನಗೆ ಎರಡೂ ಬರಲಿಲ್ಲ.

ನೆಲಮಾಳಿಗೆಯಲ್ಲಿ ಊಟ. ಏಲಕ್ಕಿ ಹಾಕಿದ ನಿಸು ಬ್ರೆಡ್ಡು, ಹಂದಿ ಮಾಂಸದ ಬನ್ನು, ಕಾಫಿ. ಹೆಲ್ಮಿಯನ್ನು ನಾನು ಕಂಡದ್ದು ಅದೇ ಮೊದಲು. ಕುಳ್ಳಗೆ, ಅಗಲ ಭುಜ, ದೊಡ್ಡ ಚಕ್ರ ತಿರುಗಿಸಿದ ಕೈಗಳು. ಹೆಸರು ಹೇಳಿದೆ. ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, ಪಕ್ಕದಲ್ಲಿದ್ದ ಪಾದ್ರಿಗೆ, ‘ಇವರೇ ನಾರ್ಬ್. ಅನುಮತಿ ಕೊಡಿಸಿದೋರು’ ಎಂದಳು. ಪಾದ್ರಿ ನನಗೆ ಧನ್ಯವಾದ ಹೇಳಿದ.

‘ನಿನಗೆ ಹಾಳೆ ಸಿಗಲಿಲ್ವಾ? ತಗೋ, ನಂದು ನೋಡು. ಆ ಸಾಲು ಸರಿಯಾಗಿದೆಯಾ ನೋಡ್ಬಿಡು’ ಎಂದಳು ಹೆಲ್ಮಿ.

ಸರಿಯಾಗಿತ್ತು. ಕತೆಯ ಕೆಳಗೆ ಕಂಪನಿಯ ಹೆಸರು, ಸತ್ತವಳ ಹೆಸರಿಗಿಂತ ಸ್ವಲ್ಪವೇ ಚಿಕ್ಕದಾಗಿ. ನನ್ನ ಸಾಲಿನ ಹಾಗೆ ಇರುವೆ ಮಾಡಿರಲಿಲ್ಲ, ಯಾರಿಗೂ ಓದಲು ಬರುವಂತೆ ಹಾಕಿಸಿದ್ದಳು.

‘ಹೆಲ್ಮಿ, ಅವತ್ತು ಚೆಕ್ಕಿನ ಹಿಂದೆ ಓದಿದ ಮೇಲೂ ಯಾಕೆ ಸಹಿ ಹಾಕಿದ್ರಿ?’

‘ಸೈಮಾಗೆ ಓದಿ ತೋರಿಸ್ದೆ. ಅವಳು, ಪಾಪ, ಅವನಿಗೆ ಕೇಳಕ್ಕೆ ಬಾಯಿ ಬಂದಿಲ್ಲ, ಏನು ಕಷ್ಟದಲ್ಲಿದಾನೋ, ಹಾಕ್ಬಿಡು ಅಂದ್ಳು.’

‘ನಾನು ಬಾಯಿಬಿಟ್ಟು ಕೇಳಿದ್ರೆ ಏನು ಹೇಳ್ತಿದ್ರಿ?’

ಆಕೆ ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದಳು. ‘ಮೊಟ್ಟೆ ಕತೆ ಒಂದನ್ನ ಇಟ್ಕೊಂಡು ಮಿಕ್ಕಿದ್ದೆಲ್ಲ ಕೊಟ್ಬಿಡ್ತಿದ್ದೆ. ಅದನ್ನ ಬರ್ದು ಸಹಿ ಹಾಕೋಣ ಅಂತ ನೋಡ್ದೆ ಕಣಪ್ಪ. ಹಿಂದುಗಡೆ ಜಾಗ ಇರ್ಲಿಲ್ಲ.’

ನನ್ನ ಬಾಯಲ್ಲಿ ನಿಸು ಬ್ರೆಡ್ಡು ಹಾಗೇ ಉಳಿಯಿತು. ಕ್ಷಮಿಸಿ ಎಂದೆ, ಅದು ಆಕೆಗೆ ಕೇಳಿಸಿತೋ ಇಲ್ಲವೋ. ಹೊರಡುವಾಗ ಕೈಯಲ್ಲಿದ್ದ ಹಾಳೆಯನ್ನು ತೋರಿಸಿ, ‘ಇದನ್ನ ನಾನು ಇಟ್ಕೊಳ್ಲಾ?’ ಎಂದು ಕೇಳಿದೆ.

‘ಅದು ನಂದು ಮಗ, ಕೊಡು’ ಎಂದು ಹೆಲ್ಮಿ ಕೈ ಚಾಚಿದಳು. ‘ಇರೋದೇ ನೂರೈವತ್ತು.’

ಕೊಟ್ಟೆ. ಆಕೆಗೆ ಹಿಂದಕ್ಕೆ ಕೊಡಲು ನನ್ನ ಹತ್ತಿರ ಇದ್ದದ್ದು ಅಷ್ಟೇ.